ಹಾಸ್ಟೆಲಿನಲ್ಲಿ ಮೊಬೈಲು ಕಿತ್ತುಕೊಳ್ಳುವ ಮೊದಲು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾಲೇಜು ಪ್ರಾಂಶುಪಾಲರಿಗೆ ಹಾಗೂ ಹಾಸ್ಟೆಲ್ ವಾರ್ಡನ್‌ಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ದೇರಳಕಟ್ಟೆ, ಸುರತ್ಕಲ್, ಮೂಡುಬಿದಿರೆ, ನಿಟ್ಟೆ, ಮಣಿಪಾಲ. ಈ ಊರುಗಳಲ್ಲಿ ಹಾಸ್ಟೆಲು, ಪೀಜಿಗಳಿಗೆ ಬರವಿಲ್ಲ. ಅಲ್ಲಿ ಯಾವನೋ ಹುಡುಗನ ಮೊಬೈಲಿನಲ್ಲಿ ಪೋರ್ನ್ ಸಿಕ್ಕಿತು ಎಂದರೆ ಮುಂದೆ ನಡೆಯುವುದು ಹೆಚ್ಚುಕಡಿಮೆ ಒಂದೇ ತರ. ಮೊಬೈಲು ಆಫೀಸಿನ ಕಪಾಟಿಗೆ, ಹುಡುಗ ಪ್ರಾಂಶುಪಾಲರ ಕೋಣೆಗೆ, ಊರಲ್ಲಿರುವ ಅಪ್ಪನಿಗೆ ಫೋನು, ಕೊನೆಗೊಂದು ತಪ್ಪೊಪ್ಪಿಗೆ ಪತ್ರ. ನಿಮ್ಮ ಉದ್ದೇಶದ ಬಗ್ಗೆ ಆಪ್ತಸಮಾಲೋಚಕರಾದ ನಮಗೆ ಅನುಮಾನವಿಲ್ಲ. ಆದರೆ ಈ ಶಿಕ್ಷೆ ಹೋಗಿ ಬೀಳುವುದು ಚಟದ ಸರಪಳಿಯ ಯಾವ ಕೊಂಡಿಯ ಮೇಲೆ ಎಂದು ಒಮ್ಮೆ ನೋಡಬೇಕು. ಅದು ಬೀಳುವುದು ಅವಮಾನದ ಕೊಂಡಿಯ ಮೇಲೆ. ಮುಂದಿನ ಸುತ್ತು ಶುರುವಾಗುವುದೂ ಅಲ್ಲಿಂದಲೇ.

ಮೊದಲು ಯಾವುದು ಚಟ ಅಲ್ಲ ಎಂಬುದು ಸ್ಪಷ್ಟವಾಗಬೇಕು. ಹದಿನೆಂಟು, ಇಪ್ಪತ್ತರ ವಯಸ್ಸಿನವರು ಕುತೂಹಲಕ್ಕೆ ನೋಡುವುದು ರೋಗವಲ್ಲ. ಹಸ್ತಮೈಥುನ ರೋಗವಲ್ಲ, ಅದರಿಂದ ನರ ಸತ್ತುಹೋಗುವುದಿಲ್ಲ, ಬೆನ್ನುಮೂಳೆ ಸವೆಯುವುದಿಲ್ಲ. ‘ಧಾತು ಹೋಗ್ತದೆ’ ಎಂಬ ಭಯವನ್ನೇ ಹೊತ್ತು ಸುಸ್ತಾಗಿ ಬರುವವರು ಬೇರೆ. ಆ ತೊಂದರೆಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿಯೇ ‘ಧಾತು ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಸರಿಯಾದ ಮಾಹಿತಿ, ಜೊತೆಗೆ ಖಿನ್ನತೆಯೋ ಆತಂಕವೋ ಇದ್ದರೆ ಅದರ ಚಿಕಿತ್ಸೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹತೋಟಿ ತಪ್ಪಿದ ಲೈಂಗಿಕ ವರ್ತನೆಗೆ ಅದರಲ್ಲಿ 6ಸಿ72 ಎಂಬ ಸಂಕೇತವಿದೆ. ಇಟ್ಟಿರುವುದು ಮಾತ್ರ ಕುಡಿತ, ಜೂಜುಗಳ ಸಾಲಿನಲ್ಲಲ್ಲ, ಆವೇಗವನ್ನು ತಡೆಯಲಾಗದ ತೊಂದರೆಗಳ ಸಾಲಿನಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 (2013) ಇದನ್ನು ಸೇರಿಸಿಕೊಳ್ಳಲೇ ಇಲ್ಲ. ಚಟ ಎನ್ನಬೇಕೋ ಬೇಡವೋ ಎಂಬ ಜಗಳ ವಿದ್ವಾಂಸರಿಗಿರಲಿ. ಸಹಾಯ ಕೇಳಿ ಬರುವವರು ಚಟ ಎಂದೇ ಹೇಳುವುದರಿಂದ ನಾವೂ ಹಾಗೆಯೇ ಬರೆಯುತ್ತೇವೆ.

ಆ ಪಟ್ಟಿ ಎಷ್ಟು ಸಲ ನೋಡಿದ, ಎಷ್ಟು ಗಂಟೆ ನೋಡಿದ ಎಂದು ಲೆಕ್ಕ ಹಾಕುವುದಿಲ್ಲ. ಅದು ನೋಡುವ ಲಕ್ಷಣಗಳು ಇವು: ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ತುಡಿತವನ್ನು ತಡೆಯಲಾಗದೆ ಇರುವುದು. ಓದು, ನಿದ್ದೆ, ಸ್ನಾನ, ಗೆಳೆತನ ಎಲ್ಲ ಹಿಂದೆ ಬಿದ್ದು ಇದೇ ಬದುಕಿನ ನಡುಮನೆಗೆ ಬಂದು ಕೂರುವುದು. ಬಿಡಬೇಕೆಂದು ಮತ್ತೆ ಮತ್ತೆ ಹೊರಟು ಸೋಲುವುದು. ನಷ್ಟ ಕಣ್ಣೆದುರಿಗಿದ್ದರೂ, ಕೊನೆಗೆ ಸುಖವೇ ಸಿಗದಿದ್ದರೂ ಮುಂದುವರಿಯುವುದು. ಇದರಿಂದ ಬದುಕಿಗೆ ಎದ್ದುಕಾಣುವಷ್ಟು ಪೆಟ್ಟು ಬಿದ್ದಿರಬೇಕು. ಅದೇ ಪಟ್ಟಿಯಲ್ಲಿ ಇನ್ನೊಂದು ಮಾತುಂಟು, ನಮ್ಮ ಕರಾವಳಿಯ ಮಟ್ಟಿಗೆ ಅದೇ ದೊಡ್ಡದು: ‘ನಾನು ಮಾಡಿದ್ದು ಪಾಪ’ ಎಂಬ ನೈತಿಕ ಸಂಕಟ ಒಂದನ್ನೇ ಆಧಾರವಾಗಿಟ್ಟು ಈ ರೋಗವಿದೆ ಎಂದು ಹೇಳುವಂತಿಲ್ಲ. ತಿಂಗಳಿಗೆ ಎರಡು ಸಲ ನೋಡಿ ‘ನಾನು ವ್ಯಸನಿ’ ಎಂದು ಅಳುತ್ತ ಬರುವವನಿಗೂ, ಬೆಳಗಿನ ಮೂರು ಗಂಟೆವರೆಗೆ ನೋಡಿ ಇಂಟರ್ನಲ್ಸ್ ತಪ್ಪಿಸಿಕೊಂಡವನಿಗೂ ಬೇಕಾದ ಸಹಾಯ ಒಂದೇ ಅಲ್ಲ. ಹುಡುಗಿಯರೂ ಇದರಲ್ಲಿದ್ದಾರೆ. ವಿಡಿಯೊಗಿಂತ ಚಾಟ್, ಬರಹ, ಆಡಿಯೊ ರೂಪದಲ್ಲಿ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ.

ಈಗ ಆ ಸರಪಳಿಯನ್ನು ಹತ್ತಿರದಿಂದ ನೋಡೋಣ. ಆಟಿ ತಿಂಗಳು ಎಂದಿಟ್ಟುಕೊಳ್ಳಿ. ಹೊರಗೆ ಜಡಿಮಳೆ, ಮೈದಾನದಲ್ಲಿ ನೀರು, ಸಂಜೆ ಆಟ ಇಲ್ಲ. ಮೆಸ್ಸಿನಲ್ಲಿ ಊಟ ಏಳೂವರೆಗೆ ಮುಗಿದಿದೆ. ರೂಮ್‌ಮೇಟ್ ಶುಕ್ರವಾರವೇ ಕುಂದಾಪುರದ ಬಸ್ಸು ಹತ್ತಿ ಮನೆಗೆ ಹೋಗಿದ್ದಾನೆ. ಹತ್ತೂವರೆಗೆ ರೆಕಾರ್ಡ್ ಬರೆಯಲು ಕೂತವನಿಗೆ ಹಸಿವು, ಬೇಸರ, ‘ಬರೆದು ಮುಗಿಯುವುದಿಲ್ಲ’ ಎಂಬ ಸಣ್ಣ ಹೆದರಿಕೆ. ವಾಟ್ಸಾಪಿಗೆಂದು ಫೋನು ತೆಗೆಯುತ್ತಾನೆ. ಚಾರ್ಜರು ಮಂಚದ ತಲೆಯ ಕಡೆ ಇರುವುದರಿಂದ ಫೋನಿನ ಹಿಂದೆ ಅವನೂ ಮಂಚಕ್ಕೆ ಬರುತ್ತಾನೆ. ಹನ್ನೊಂದಕ್ಕೆ ರೀಲ್ಸ್. ಹನ್ನೊಂದೂಕಾಲಿಗೆ ಒಂದು ರೀಲಿನ ಮೇಲೆ ಬೆರಳು ಎರಡು ಸೆಕೆಂಡು ಹೆಚ್ಚು ನಿಲ್ಲುತ್ತದೆ. ‘ಐದೇ ನಿಮಿಷ’ ಎಂಬ ಪರ್ಮಿಷನ್ನನ್ನು ಅವನೇ ಅವನಿಗೆ ಕೊಟ್ಟುಕೊಳ್ಳುತ್ತಾನೆ. ಇನ್‌ಕಾಗ್ನಿಟೊ. ಆಮೇಲಿನದು ನೋಡುವುದಕ್ಕಿಂತ ಹೆಚ್ಚು ಹುಡುಕುವುದು. ಇದಲ್ಲ, ಇನ್ನೊಂದು, ಅದೂ ಅಲ್ಲ, ಮತ್ತೊಂದು. ಮಿದುಳಿನ ಡೋಪಮೀನ್ ವ್ಯವಸ್ಥೆ ಚುರುಕಾಗುವುದು ಸಿಕ್ಕಿದ್ದಕ್ಕಿಂತ ‘ಈಗ ಸಿಗಬಹುದು’ ಎಂಬುದಕ್ಕೆ. ಜೂಜಿನ ಸ್ಲಾಟ್ ಮೆಷಿನ್ ಮುಂದೆ ಕೂತವನ ಹಾಗೆ ಇವನೂ ಏಳುವುದಿಲ್ಲ. ಎರಡೂವರೆಗೆ ಮುಗಿಯುತ್ತದೆ. ಒಂದೆರಡು ನಿಮಿಷ ಹಗುರ, ಆಮೇಲೆ ಹೇಸಿಗೆ, ಹಿಸ್ಟರಿ ಡಿಲೀಟ್, ‘ಇದೇ ಕಡೆಯದ್ದು’ ಎಂಬ ಆಣೆ. ಬೆಳಿಗ್ಗೆ ಕ್ಲಾಸು ತಪ್ಪಿತು, ರೆಕಾರ್ಡ್ ಬಾಕಿಯಾಯಿತು, ಮುಖ ತೋರಿಸಲು ನಾಚಿಕೆಯಾಗಿ ಯಾರ ಜೊತೆಗೂ ಮಾತಿಲ್ಲ. ರಾತ್ರಿ ಹತ್ತೂವರೆಗೆ ಅದೇ ಹೆದರಿಕೆ, ನಿನ್ನೆಗಿಂತ ಸ್ವಲ್ಪ ದೊಡ್ಡದಾಗಿ.

ವಾರ್ಡನ್ ಬಾಗಿಲು ತಟ್ಟುವುದು ಎರಡು ಗಂಟೆಗೆ. ಆ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಸರಪಳಿ ಸುಲಭವಾಗಿ ತುಂಡಾಗುವುದು ಹತ್ತೂವರೆಗೆ, ಆ ಹಸಿವಿನ ಹತ್ತಿರ, ಆ ಚಾರ್ಜರಿನ ಹತ್ತಿರ. ಮರುದಿನ ಪ್ರಾಂಶುಪಾಲರ ಕೋಣೆಯಲ್ಲಿ ಸಿಗುವ ಮಂಗಳಾರತಿ ಹೇಸಿಗೆ, ಒಂಟಿತನಗಳನ್ನು ಇಮ್ಮಡಿ ಮಾಡಿ ಕಳಿಸುತ್ತದೆ. ಕಿತ್ತುಕೊಂಡ ಫೋನಿನ ಬದಲು ಹಳೆಯದೊಂದು ಫೋನು ಗೆಳೆಯರಿಂದ ಬಂದೇ ಬರುತ್ತದೆ, ಅದು ನಿಮಗೂ ಗೊತ್ತು.

ಹಾಗಾದರೆ ಸಿಕ್ಕಿಬಿದ್ದವನನ್ನು ಎಂತ ಮಾಡುವುದು? ಆ ದಿನ ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ. ‘ಅಪ್ಪನಿಗೆ ಹೇಳ್ತೇನೆ’ ಎಂದು ಬೆದರಿಸಿ ರೂಮಿಗೆ ಕಳಿಸುವುದು ಇರುವ ಎಲ್ಲ ದಾರಿಗಳಲ್ಲಿ ಅತ್ಯಂತ ಅಪಾಯದ್ದು. ಹತ್ತಾರು ಹುಡುಗರ ಎದುರು ಮಾನ ಹೋದವನ ತಲೆಯಲ್ಲಿ ಸಾವಿನ ಯೋಚನೆ ಬರಬಹುದು. ನೇರವಾಗಿಯೇ ಕೇಳಿ, ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಮಾತು ಹೀಗಿದ್ದರೆ ಸಾಕು: “ಕೂತುಕೊ. ಊಟ ಆಯ್ತಾ? ನಿನ್ನನ್ನು ಬೈಲಿಕ್ಕೆ ಕರೆದದ್ದಲ್ಲ. ಇದು ಎಷ್ಟು ಸಮಯದಿಂದ ಉಂಟು? ಬಿಡ್ಬೇಕು ಅಂತ ನೋಡಿದ್ದುಂಟಾ? ಸಾಯ್ಬೇಕು ಅಂತ ಅನ್ನಿಸಿದ್ದುಂಟಾ?” ಎಂತ ನೋಡಿದೆ, ಯಾವ ತರದ್ದು ಎಂದು ಕೇಳಬೇಡಿ. ಆ ಪ್ರಶ್ನೆಯಿಂದ ನಿಮಗೂ ಉಪಯೋಗವಿಲ್ಲ, ಅವನು ಇನ್ನೊಮ್ಮೆ ಬಾಯಿಬಿಡುವುದೂ ಇಲ್ಲ. ಫೋನು ಬಿಚ್ಚಿ ನೋಡುವ ಕೆಲಸ ಬೇಡವೇ ಬೇಡ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಯಾರಾದರೂ ಹಣಕ್ಕೆ ಹೆದರಿಸುತ್ತಿದ್ದಾರಾ? ವಿಡಿಯೊ ಕಾಲಿನಲ್ಲಿ ಬಟ್ಟೆ ತೆಗೆಸಿ, ರೆಕಾರ್ಡ್ ಮಾಡಿ, ‘ನಿನ್ನ ಕಾಂಟ್ಯಾಕ್ಟಿನವರಿಗೆಲ್ಲ ಕಳಿಸ್ತೇವೆ’ ಎನ್ನುವ ದಂಧೆ ಅದು. ಹಣ ಕೊಟ್ಟರೆ ನಿಲ್ಲುವುದಿಲ್ಲ, ಮೊತ್ತ ಏರುತ್ತ ಹೋಗುತ್ತದೆ. ಕೊಡುವುದು ನಿಲ್ಲಿಸಿ, ಚಾಟು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆ ನಂಬರು ಬ್ಲಾಕ್ ಮಾಡಿ, ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿಸಿ. ಈ ಹುಡುಗ ಆರೋಪಿಯಲ್ಲ, ಫಿರ್ಯಾದಿ.

ಪಿಯು ಹಾಸ್ಟೆಲಿನವರಿಗೆ ಬೇರೆಯೇ ಒಂದು ಮಾತು. ಹದಿನೆಂಟು ತುಂಬದ ಮಗು ‘ದೊಡ್ಡವರು ಯಾರೋ ಇದನ್ನು ತೋರಿಸಿದರು’, ‘ಮುಟ್ಟಿದರು’ ಎಂದು ಹೇಳಿದರೆ ಅದು ಚಟದ ವಿಷಯವಾಗಿ ಉಳಿಯುವುದಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಹಾಳಾಗುತ್ತದೆ ಎಂದು ಒಳಗೊಳಗೇ ಮುಗಿಸಿದರೆ ಆ ಮುಚ್ಚಿಟ್ಟದ್ದೇ ಅಪರಾಧ. ವಯಸ್ಕರ ಪೋರ್ನನ್ನು ವಯಸ್ಕನೊಬ್ಬ ಖಾಸಗಿಯಾಗಿ ನೋಡುವುದು ನಮ್ಮಲ್ಲಿ ಅಪರಾಧವಲ್ಲ, ಹಂಚುವುದು ಅಪರಾಧ. ಮಕ್ಕಳನ್ನು ಬಳಸಿದ ದೃಶ್ಯಗಳ ವಿಷಯದಲ್ಲಿ ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಕೂಡ ಐಟಿ ಕಾಯ್ದೆಯ 67ಬಿ ಕಲಮಿಗೆ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಹೊಸ ಹೊಸದನ್ನು ಹುಡುಕುತ್ತ ಹೋಗುವ ಚಟ ಕೆಲವರನ್ನು ಆ ಅಂಚಿಗೆ ತಂದು ನಿಲ್ಲಿಸುವುದುಂಟು. ಅಂಥವರಿಗೆ ಉಪದೇಶ ಸಾಲದು, ಮನೋವೈದ್ಯರೂ ವಕೀಲರೂ ಇಬ್ಬರೂ ಬೇಕು.

ಚೇತರಿಕೆಗೆ ಬರೋಣ. ಇಲ್ಲಿ ದೊಡ್ಡ ಶಬ್ದಗಳು ಕೆಲಸ ಮಾಡುವುದಿಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ ಮಾಡುತ್ತದೆ. ಮೊದಲ ಹದಿನಾಲ್ಕು ದಿನ ‘ಬಿಡು’ ಎನ್ನುವುದಿಲ್ಲ, ಬರೆಯಿಸುತ್ತೇವೆ. ತುಡಿತ ಬಂದಾಗಲೆಲ್ಲ ಒಂದು ಸಾಲು: ಗಂಟೆ, ಜಾಗ, ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಏನಾಗಿತ್ತು, ಹೊಟ್ಟೆ ಹಸಿದಿತ್ತೆ, ಎಷ್ಟು ನಿದ್ದೆಯಾಗಿತ್ತು, ತುಡಿತದ ಜೋರು 0ಯಿಂದ 10ರಲ್ಲಿ ಎಷ್ಟು, ಏನು ಮಾಡಿದ. ಫೋನಿನಲ್ಲಿ ಬರೆಯಬಾರದು, ಬರೆಯಲು ಹೋದವನು ಅಲ್ಲೇ ಉಳಿಯುತ್ತಾನೆ. ರೂಮಿನವರು ಓದಿಯಾರು ಎಂಬ ಹೆದರಿಕೆ ಇದ್ದರೆ ಗುಟ್ಟಿನ ಅಕ್ಷರ ಇಟ್ಟುಕೊಳ್ಳಲಿ. ಎರಡು ವಾರವಾದ ಮೇಲೆ ಪುಟ ತಿರುವಿದರೆ ‘ಯಾವಾಗಲೂ ಬರ್ತದೆ’ ಎಂದವನಿಗೆ ತನ್ನ ನಾಲ್ಕೈದು ಖಾಯಂ ಜಾಗಗಳು ಕಾಣುತ್ತವೆ: ಶನಿವಾರ ಮಧ್ಯಾಹ್ನ, ಸ್ನಾನದ ಮನೆ, ಮನೆಗೆ ಫೋನು ಮಾಡಿ ಜಗಳವಾದ ಮೇಲೆ, ಪರೀಕ್ಷೆ ಮುಗಿದ ಸಂಜೆ.

ಆಮೇಲೆ ಒಂದೊಂದು ಜಾಗಕ್ಕೂ ಬೇಲಿ. ಚಾರ್ಜರು ಮಂಚದಿಂದ ಆರು ಹೆಜ್ಜೆ ದೂರಕ್ಕೆ, ಸಾಧ್ಯವಾದರೆ ರೂಮಿನ ಹೊರಗೆ. ‘ಅಲಾರಂಗೆ ಫೋನು ಬೇಕು’ ಎಂಬುದೇ ಎಲ್ಲರ ನೆಪ, ಹಾಗಾಗಿ ಹಂಪನಕಟ್ಟೆಯಲ್ಲಿ ಸಿಗುವ ಒಂದು ಸಾದಾ ಅಲಾರಂ ಗಡಿಯಾರ. ಟಾಯ್ಲೆಟ್ಟಿಗೆ ಫೋನು ಇಲ್ಲ. ಹತ್ತು ಗಂಟೆಗೆ ಎರಡು ಬಾಳೆಹಣ್ಣೋ ಒಂದು ಲೋಟ ಹಾಲೋ. ಕೇಳಿ ನಗಬೇಡಿ, ಹಸಿದ ಹೊಟ್ಟೆಯ ಜೊತೆ ತುಡಿತ ಬಂದರೆ ಸೋಲುವುದು ಹೊಟ್ಟೆಯ ಕಡೆಯಿಂದ. ಓದು ಹನ್ನೊಂದರವರೆಗೆ ಸ್ಟಡಿ ಹಾಲಿನಲ್ಲಿ, ಜನರ ನಡುವೆ.

ಫಿಲ್ಟರುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಸ್ಟೆಲಿನ ವೈಫೈ ರೂಟರಿನಲ್ಲಿ ಡಿಎನ್ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ದಾರಿ ಹುಡುಕಿಕೊಡುವ ವ್ಯವಸ್ಥೆ) ವಿಳಾಸವನ್ನು 1.1.1.3 ಮತ್ತು 1.0.0.3 ಎಂದು ಬದಲಿಸಿದರೆ ಕ್ಲೌಡ್‌ಫ್ಲೇರಿನ ಉಚಿತ ಫ್ಯಾಮಿಲಿ ಫಿಲ್ಟರ್ ಕೆಲಸ ಮಾಡುತ್ತದೆ, ವಯಸ್ಕರ ಸೈಟುಗಳಲ್ಲಿ ಬಹುಪಾಲು ತೆರೆಯುವುದಿಲ್ಲ. ಐದು ನಿಮಿಷದ ಕೆಲಸ. ಆದರೆ ವಿಪಿಎನ್ ಹಾಕಿದರೆ, ಮೊಬೈಲ್ ಡೇಟಾ ಆನ್ ಮಾಡಿದರೆ, ಬ್ರೌಸರಿನ ‘ಸೆಕ್ಯೂರ್ ಡಿಎನ್ಎಸ್’ ಬದಲಿಸಿದರೆ ಅದು ದಾರಿ ಬಿಟ್ಟುಕೊಡುತ್ತದೆ. ಇನ್‌ಸ್ಟಾಗ್ರಾಂ, ಟೆಲಿಗ್ರಾಂ ಒಳಗೆ ಬರುವುದನ್ನು ಅದು ತಡೆಯುವುದೂ ಇಲ್ಲ. ಅದು ಬೀಗವಲ್ಲ, ದಣಪೆ. ದಾಟಲು ಮೂರು ನಾಲ್ಕು ನಿಮಿಷ ಹಿಡಿಯುತ್ತದೆ, ಆ ಮೂರು ನಿಮಿಷಕ್ಕೇ ಅದರ ಬೆಲೆ. ಯಾರು ಯಾವ ಸೈಟಿಗೆ ಹೋದರು ಎಂದು ಹೆಸರು ಹಿಡಿದು ಪಟ್ಟಿ ತೆಗೆಯಲು ಹೊರಟರೆ ಮಾತ್ರ ಇಡೀ ಹಾಸ್ಟೆಲು ಮೊಬೈಲ್ ಡೇಟಾಕ್ಕೆ ಹೋಗುತ್ತದೆ, ಕಥೆ ಮುಗಿಯಿತು.

ಇಷ್ಟೆಲ್ಲ ಮಾಡಿದರೂ ತುಡಿತ ಬರುತ್ತದೆ. ಅದನ್ನು ಒತ್ತಿ ಹಿಡಿಯಲು ಹೋದರೆ ಉಲ್ಟಾ ಹೊಡೆಯುತ್ತದೆ. ‘ಯೋಚಿಸಬಾರದು’ ಎಂದುಕೊಂಡದ್ದೇ ತಲೆಯಲ್ಲಿ ಸುತ್ತುತ್ತದೆ. ಸಸಿಹಿತ್ಲಿನಲ್ಲಿ ಸರ್ಫಿಂಗ್ ಮಾಡುವವರನ್ನು ನೋಡಿದ್ದೀರಲ್ಲ, ಅಲೆಗೆ ಎದೆಕೊಟ್ಟು ನಿಲ್ಲುವವರು ಅಲ್ಲಿ ಯಾರೂ ಇಲ್ಲ, ಅದರ ಮೇಲೇರಿ ದಡದವರೆಗೆ ಬರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ತುಡಿತವನ್ನೂ ಹಾಗೆಯೇ ದಾಟುವ ಉಪಾಯಕ್ಕೆ ಇಟ್ಟ ಹೆಸರೂ ಸರ್ಫಿಂಗಿನದ್ದೇ: ‘ಅರ್ಜ್ ಸರ್ಫಿಂಗ್’. ಎರಡೂ ಪಾದ ನೆಲಕ್ಕೆ ಊರಿ ಕೂರಬೇಕು. ತುಡಿತ ದೇಹದಲ್ಲಿ ಎಲ್ಲಿದೆ ಎಂದು ನೋಡಬೇಕು: ಎದೆಯಲ್ಲೋ, ಕಿಬ್ಬೊಟ್ಟೆಯಲ್ಲೋ, ಬೆರಳ ತುದಿಯಲ್ಲೋ. ಅದಕ್ಕೊಂದು ಅಂಕ ಕೊಟ್ಟು, ಉಸಿರು ಎಣಿಸುತ್ತ, ಐದು ನಿಮಿಷಕ್ಕೊಮ್ಮೆ ಮತ್ತೆ ಅಂಕ ಕೊಡಬೇಕು. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅದು ಏರಿ ಇಳಿಯುತ್ತದೆ. ತಪ್ಪುವುದು ಎಲ್ಲಿ ಎಂದರೆ, ಮಂಚದ ಮೇಲೆ ಮಲಗಿಕೊಂಡು, ಫೋನನ್ನು ಕೈಯಲ್ಲೇ ಹಿಡಿದುಕೊಂಡು ಇದನ್ನು ಮಾಡಲು ಹೋಗುವುದರಲ್ಲಿ. ಮೊದಲು ಜಾಗ ಬಿಟ್ಟು ಏಳಬೇಕು. ಎದ್ದು ಎಲ್ಲಿಗೆ ಹೋಗುವುದು ಎಂಬುದನ್ನು ಹಗಲೇ ಬರೆದಿಟ್ಟಿರಬೇಕು, ಮಳೆ ಬರುವ ರಾತ್ರಿಗೂ ಸೇರಿಸಿ.

ಮೊದಲ ಎರಡು ವಾರ ಸಿಡುಕು, ನಿದ್ದೆಗೇಡು. ಅದನ್ನು ಹೇಗೋ ದಾಟುತ್ತಾರೆ. ಹೆಚ್ಚು ಜನ ಬೀಳುವುದು ನಾಲ್ಕೈದು ವಾರ ಚೆನ್ನಾಗಿ ಹೋದ ಮೇಲೆ, ‘ಇನ್ನು ಫಿಲ್ಟರ್ ಯಾಕೆ’ ಎಂದು ಬೇಲಿಯನ್ನು ತಾವೇ ಕಿತ್ತಾಗ. ಒಮ್ಮೆ ಜಾರಿದರೆ ಅದಷ್ಟಕ್ಕೇ ನಿಲ್ಲುವುದೂ ಕಷ್ಟ. ‘ಹೇಗೂ ಹಾಳಾಯ್ತಲ್ಲ’ ಎಂದು ಮೂರು ದಿನ ಅದರಲ್ಲೇ ಬಿದ್ದಿರುತ್ತಾರೆ. ನಷ್ಟ ಮಾಡುವುದು ಆ ಒಂದು ಸಲಕ್ಕಿಂತ ಈ ಮೂರು ದಿನ. ಅಂತರ್ಜಾಲದಲ್ಲಿ ಜನಪ್ರಿಯವಾಗಿರುವ ‘90 ದಿನದ ರೀಬೂಟ್’ ಬಗ್ಗೆ ನಮ್ಮ ತಕರಾರು ಇದೇ. ಆ 90ಕ್ಕೆ ವೈಜ್ಞಾನಿಕ ಆಧಾರವಿಲ್ಲ, 41ನೇ ದಿನ ಜಾರಿದವನನ್ನು ಅದು ಸೊನ್ನೆಗೆ ತಳ್ಳುತ್ತದೆ. ಮೂವತ್ತರಲ್ಲಿ ಇಪ್ಪತ್ತಾರು ದಿನ ಎಂದು ಲೆಕ್ಕ ಹಾಕಿದರೆ ಅವನೇ ಗೆದ್ದವನು. ಜಾರಿದ ಮೇಲೆ ಮಾಡಬೇಕಾದದ್ದು ಮುಖ ತೊಳೆದು, ಏನಾದರೂ ತಿಂದು, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಇಪ್ಪತ್ತನಾಲ್ಕು ಗಂಟೆಯೊಳಗೆ ಒಬ್ಬರಿಗೆ ಹೇಳುವುದು. ಹೊಸ ಆಣೆ, ಹೊಸ ಉಪವಾಸ ಬೇಡ.

ಆಪ್ತಸಮಾಲೋಚನೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಭೇಟಿ, ಆಮೇಲೆ ಕೆಲವು ತಿಂಗಳು ತಿಂಗಳಿಗೊಂದು. ಇದಕ್ಕೆಂದೇ ಮಂಜೂರಾದ ಮಾತ್ರೆ ಇಲ್ಲ. ಖಿನ್ನತೆಯ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನೋ ನಾಲ್ಟ್ರೆಕ್ಸೋನನ್ನೋ ಮನೋವೈದ್ಯರು ನೋಡಿ ಕೊಡುವುದುಂಟು. ಅದಕ್ಕಿಂತ ಮುಖ್ಯ, ಚಟದ ಹಾಗೆ ಕಂಡು ಚಟವಲ್ಲದ್ದನ್ನು ಗುರುತಿಸುವುದು. ವಾರದೊಳಗೆ ದಿಢೀರನೆ ಶುರುವಾಗಿ, ನಿದ್ದೆ ಬೇಡವಾಗಿ, ಮಾತು, ಖರ್ಚು ಎರಡೂ ಜೋರಾದರೆ ಅದು ಬೈಪೋಲಾರಿನ ಉನ್ಮಾದವಿರಬಹುದು. ಎಂಡಿಎಂಎಯಂಥ ಮಾದಕವಸ್ತು ಒಳಗಿರಬಹುದು. ಮನೆಯ ಹಿರಿಯರಲ್ಲಿ ಇಳಿವಯಸ್ಸಿಗೆ ಹೊಸದಾಗಿ ಕಂಡರೆ ಬೈಯುವ ಮೊದಲು ಔಷಧಿ ಚೀಟಿ ನೋಡಿ: ಪಾರ್ಕಿನ್ಸನ್ಸ್‌ಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಇದನ್ನೇ ಮಾಡಬಲ್ಲವು. ಮಾತ್ರೆಯನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ.

ಚಟ ತೆರೆಯಿಂದ ಹೊರಗೆ ಬಂದು ಲಾಡ್ಜು, ಆ್ಯಪುಗಳ ಪರಿಚಯದವರೆಗೆ ಹೋಗಿದ್ದರೆ ಎಚ್‌ಐವಿ ಪರೀಕ್ಷೆ ಸರಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಗುಟ್ಟಾಗಿಯೂ ಇರುತ್ತದೆ. ಅಪಾಯವಾಗಿದೆ ಎನ್ನಿಸಿದರೆ 72 ಗಂಟೆಯೊಳಗೆ ಔಷಧಿ ಶುರುಮಾಡಿ 28 ದಿನ ತೆಗೆದುಕೊಳ್ಳುವ, ಸೋಂಕು ತಗಲದಂತೆ ತಡೆಯುವ ಪಿಇಪಿ ಚಿಕಿತ್ಸೆ ಉಂಟು. ಗಂಟೆ ಕಳೆದಷ್ಟೂ ಅದರ ಪ್ರಯೋಜನ ಕಡಿಮೆ, ನಾಚಿಕೆಗೆ ಅಷ್ಟು ಸಮಯವಿಲ್ಲ.

ಹೆತ್ತವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ‘ಒಂದು ಮದುವೆ ಮಾಡಿದ್ರೆ ಎಲ್ಲ ಸರಿಯಾಗ್ತದೆ’ ಎಂಬುದು ಚಿಕಿತ್ಸೆಯಲ್ಲ, ಇನ್ನೊಬ್ಬರ ಮಗಳ ತಲೆಗೆ ಕಟ್ಟುವುದು. ಒಂಟಿತನ, ಆತಂಕ, ನಿದ್ದೆಗೇಡಿನಿಂದ ಹುಟ್ಟಿದ ಚಟ ಮದುವೆಯ ಮರುತಿಂಗಳೇ ಹೊಸ ಮನೆಯ ಬಾತ್‌ರೂಮಿಗೆ ಬಂದಿರುತ್ತದೆ. ಪಾದ್ರಿ, ಉಸ್ತಾದ್, ಮನೆಯ ಪುರೋಹಿತರು ಸಮಾಧಾನ ಹೇಳಿದರೆ ಒಳ್ಳೆಯದೇ. ಹರಕೆಯ ಜೊತೆ ಡಾಕ್ಟರ ವಿಳಾಸವನ್ನೂ ಕೊಟ್ಟರೆ ಇನ್ನೂ ಒಳ್ಳೆಯದು.

ನಿಮ್ಮಿಂದ ನಾವು ಕೇಳುವುದು ದುಡ್ಡಿನ ವಿಷಯವಲ್ಲ. ಶಿಸ್ತಿನ ನಿಯಮದಲ್ಲಿ ಎರಡನ್ನು ಬೇರೆ ಬೇರೆ ಬರೆಯಿರಿ. ಇನ್ನೊಬ್ಬರ ಚಿತ್ರ ತೆಗೆಯುವುದು, ಹಂಚುವುದು, ಒತ್ತಾಯಿಸಿ ತೋರಿಸುವುದು ಅಪರಾಧ, ಅಲ್ಲಿ ಕನಿಕರ ಬೇಡ. ತಾನೇ ನೋಡಿ ತಾನೇ ಹಾಳಾಗುತ್ತಿರುವವನು ಆರೋಗ್ಯದ ವಿಷಯ. ಅವನಾಗಿ ಬಂದು ಹೇಳಿದರೆ ಶಿಕ್ಷೆಯಿಲ್ಲ ಎಂದು ಅದೇ ಪುಟದಲ್ಲಿ ಅಚ್ಚುಹಾಕಿ. ಹದಿನೆಂಟು ತುಂಬಿದವನು ಆಪ್ತಸಮಾಲೋಚಕರಲ್ಲಿ ಹೇಳಿದ್ದು ಸ್ಟಾಫ್ ರೂಮಿಗೆ ಬರಬಾರದು. ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಕಲಂ ಗೋಪ್ಯತೆಯನ್ನು ಹಕ್ಕು ಎಂದಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ, ಅದೂ ಬೇಕಾದಷ್ಟೇ ಹೊರಗೆ ಬರಬಹುದು. ಆಪ್ತಸಮಾಲೋಚಕರ ಕೋಣೆ ಪ್ರಾಂಶುಪಾಲರ ಚೇಂಬರಿನ ಎದುರೇ ಇದ್ದರೆ ದಯವಿಟ್ಟು ಬೇರೆ ಕಡೆಗೆ ಹಾಕಿಸಿ. ಕಳುಹಿಸಲು ಜಾಗಗಳು ಉಂಟು: ಮಂಗಳೂರಿನ ವೆನ್ಲಾಕ್ ಆಸ್ಪತ್ರೆ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮೊಬೈಲು, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ.

ಮಹಾನಗರ ಪಾಲಿಕೆ, ನಗರಸಭೆಯವರೂ ಇದನ್ನು ಓದುತ್ತಿದ್ದರೆ, ‘ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ’ ಎಂಬ ಭಿತ್ತಿಪತ್ರಗಳು ಕಂಡಲ್ಲಿ ಕೀಳಿಸಿ. ಲೈಂಗಿಕ ಶಕ್ತಿ ಹೆಚ್ಚಿಸುವ ಮದ್ದಿನ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಭಯದಲ್ಲಿರುವ ಹುಡುಗನಿಗೆ ಮೊದಲು ಕಾಣುವ ಫೋನ್ ನಂಬರು ಅದಾಗಬಾರದು.

ಅದರ ಬದಲು ಹಾಸ್ಟೆಲಿನಲ್ಲಿ ಒಂದು ಚೀಟಿ ಅಂಟಿಸಿ. ಮೆಸ್ಸಿನ ನೋಟಿಸ್ ಬೋರ್ಡಿನಲ್ಲಿ ಅಲ್ಲ. ಅಲ್ಲಿ ನಿಂತು ಓದಿದರೆ ಹಿಂದಿನವನು ನಗುತ್ತಾನೆ. ಟಾಯ್ಲೆಟ್ ಬಾಗಿಲಿನ ಒಳಮೈಗೆ, ಕೂತವನ ಕಣ್ಣಿನ ಎತ್ತರಕ್ಕೆ, ಎರಡೇ ಸಾಲು, ಒದ್ದೆಯಾಗದಂತೆ ಲ್ಯಾಮಿನೇಟ್ ಮಾಡಿ: “ಪೋರ್ನ್ ಬಿಡಲಿಕ್ಕೆ ಆಗ್ತಾ ಇಲ್ವಾ? ಟೆಲಿ ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ ಮಾತಾಡಬಹುದು.”

ಇತಿ,
ಮಂಗಳೂರು ಮತ್ತು ಉಡುಪಿಯ ಕೆಲವು ಆಪ್ತಸಮಾಲೋಚಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು